ಕತೆ ಹೇಳುವವನು ಎಲ್ಲಿ ನಿಂತಿದ್ದಾನೆ?

ಕಾದಂಬರಿ ಪಾಠ ಅಂದರೆ ನಮ್ಮ ತರಗತಿಗಳಲ್ಲಿ ಐದು ಖಾನೆಗಳ ಲೆಕ್ಕ: ವಸ್ತು, ಪಾತ್ರ, ಸನ್ನಿವೇಶ, ನಿರೂಪಣೆ, ಭಾಷೆ. ಖಾನೆ ತುಂಬಿದರೆ ಅಂಕ ಬಂತು. ಈ ಖಾನೆಗಳಿಗೂ ಒಂದು ಚರಿತ್ರೆಯಿದೆ, ಅದನ್ನು ಬಿಟ್ಟು ಪಾಠ ಮಾಡಿದರೆ ಅದು ಅರೆಪಾಠ ಎಂಬುದು ಮೇಷ್ಟರಾಗಿ ನನ್ನ ತಕರಾರು.

1927ರಲ್ಲಿ ಇ.ಎಂ. ಫಾರ್ಸ್ಟರ್ ಕೇಂಬ್ರಿಜ್‌ನಲ್ಲಿ ಕಾದಂಬರಿಯ ಬಗ್ಗೆ ಉಪನ್ಯಾಸ ಕೊಟ್ಟ. ಚಪ್ಪಟೆ ಪಾತ್ರ, ದುಂಡು ಪಾತ್ರ ಎಂಬ ವಿಂಗಡಣೆ ನಮ್ಮ ನೋಟ್ಸುಗಳಿಗೆ ಇಳಿದದ್ದು ಅಲ್ಲಿಂದ. 1935ರಲ್ಲಿ ಮುಲ್ಕ್‌ರಾಜ್ ಆನಂದರ 'ಅನ್‌ಟಚಬಲ್' ಕಾದಂಬರಿಗೆ ಮುನ್ನುಡಿ ಬರೆದವನೂ ಅವನೇ. ಕಕ್ಕಸು ಬಳಿಯುವ ಬಾಖನ ಒಂದು ದಿನದ ಕತೆ ಅದು. ಪುಸ್ತಕವನ್ನು ಮೆಚ್ಚಿಕೊಂಡೇ ಫಾರ್ಸ್ಟರ್ ಒಂದು ತೀರ್ಪು ಕೊಟ್ಟ: ಅಸ್ಪೃಶ್ಯನಾದವನು ಇದನ್ನು ಬರೆಯಲಾರ, ಸಿಟ್ಟಿನಲ್ಲಿ, ತನ್ನ ಮೇಲಿನ ಮರುಕದಲ್ಲಿ ಸಿಕ್ಕಿಬೀಳುತ್ತಾನೆ. ಅಂದರೆ ನೋವುಂಡವನು ಪಾತ್ರವಾಗಬಹುದು, ನಿರೂಪಕನಾಗಲಾರ! 'ಕಲಾತ್ಮಕ ದೂರ' ಎಂದು ಬೋರ್ಡಿನ ಮೇಲೆ ಬರೆಯುವಾಗ ಈ ತೀರ್ಪು ನಮಗೆ ನೆನಪಿರಬೇಕು.

ಕನ್ನಡಕ್ಕೆ ಬರೋಣ. 1933ರ 'ಚೋಮನ ದುಡಿ'ಯಲ್ಲಿ ಕಾರಂತರು ಜೀತದ ಚೋಮನನ್ನು ಕಾದಂಬರಿಯ ನಡುಮನೆಗೆ ತಂದರು. ಆ ಋಣ ಸಣ್ಣದಲ್ಲ. ಆದರೂ ವಿದ್ಯಾರ್ಥಿಗಳಿಗೆ ನಾನು ಹೇಳೋದು: 'ಚೋಮನ ಸ್ವಭಾವ ಏನು ಅಂತ ಆಮೇಲೆ ಬರೀರಿ, ಮೊದಲು ಅವನನ್ನ ಯಾರು ನೋಡ್ತಿದಾರೆ ಹೇಳಿ.' ಹಂಗೆ ಕೇಳಿದರೆ ಖಾನೆಗಳೇ ಬೇರೆಯಾಗಿ ಕಾಣುತ್ತವೆ. ಎತ್ತಿದ್ದೂ ಚೋಮನಿಗೆ ಗೇಣಿಗೆ ನೆಲ ಸಿಗುವುದಿಲ್ಲ. ಇದು ಬರೀ ವಸ್ತುವಲ್ಲ, ಭೂಮಿಯ ಒಡೆತನದ ಚರಿತ್ರೆ. ಅವನ ಕಿರಿಮಗ ನೀರಲ್ಲಿ ಮುಳುಗುವಾಗ ಅಲ್ಲಿದ್ದವರು ಮುಟ್ಟಿ ಎತ್ತುವುದಿಲ್ಲ. ಆ ನೀರು ಸನ್ನಿವೇಶವಲ್ಲ, ಜಾತಿಯ ಗಡಿ. ಚೋಮನ ಸಂಕಟ ಬಾಯಿಗಿಂತ ಹೆಚ್ಚಾಗಿ ದುಡಿಯಲ್ಲಿ ಬರುತ್ತದೆ. ಮಾತೆಲ್ಲ ಹೊರಗೆ ನಿಂತ ನಿರೂಪಕನದು.

1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ಗಲಭೆಯೆದ್ದಿತು, ಅವರು ಪದವಿ ಬಿಡಬೇಕಾಯಿತು. ಸಾಹಿತ್ಯದಲ್ಲಿ ಯಾರ ಬದುಕಿಗೆ ಜಾಗ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಅದಕ್ಕೆ ಕಾದಂಬರಿಯೊಳಗಿಂದಲೇ ಬಂದ ದೊಡ್ಡ ಉತ್ತರ ದೇವನೂರ ಮಹಾದೇವರ 'ಕುಸುಮಬಾಲೆ', 1984ರಲ್ಲಿ. ಇಲ್ಲಿ ಮಂಚ ಮಾತಾಡುತ್ತದೆ, ರಾತ್ರಿ ದೀಪದ ಜೋತಮ್ಮಗಳು ಸೇರಿ ಮನೆಮನೆ ಸುದ್ದಿ ಹೇಳಿಕೊಳ್ಳುತ್ತವೆ. ನಂಜನಗೂಡು ಸೀಮೆಯ ಆಡುಮಾತು ಪಾತ್ರಗಳ ಬಾಯಲ್ಲಷ್ಟೇ ಅಲ್ಲ, ನಿರೂಪಣೆಗೂ ಹಬ್ಬಿದೆ. ಚೆನ್ನನ ಕೊಲೆಯ ಸಿಟ್ಟಿದೆ, ಜೊತೆಗೆ ನಗೆಯಿದೆ, ಪವಾಡವಿದೆ. ಸ್ವಮರುಕ ಹುಡುಕಿದರೂ ಸಿಗದು. ಫಾರ್ಸ್ಟರನ ತೀರ್ಪು ಇಲ್ಲಿ ಬಿದ್ದುಹೋಯಿತು.

ಇದನ್ನು ಜೋರಾಗಿ ಓದಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: 'ಸಾರ್, ಇದು ನಮ್ಮಜ್ಜಿ ಮಾತಾಡ್ದಂಗೇ ಅದೆ. ನಾವು ಹಿಂಗ್ ಬರುದ್ರೆ ಮಾರ್ಕ್ಸ್ ಯಾಕ್ ಕಳೀತಾರೆ?'

ಈ ಭಾಷೆಯ ಕಾದಂಬರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಭಾಷೆಯಲ್ಲೇ ಹುಟ್ಟಿದ ಹುಡುಗಿಯ ಉತ್ತರಪತ್ರಿಕೆಗೆ ಕೆಂಪುಗೆರೆ ಬೀಳುತ್ತದೆ. ಭಾಷೆ ಎಂಬ ಐದನೆಯ ಖಾನೆಯ ಪಾಠ ನನ್ನ ತರಗತಿಯಲ್ಲಿ ಈಗ ಅವಳ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಪ್ರಶ್ನೆಪತ್ರಿಕೆ ತೆಗೆಯುವವರೂ ಅದನ್ನು ಒಮ್ಮೆ ಬಿಡಿಸಲಿ.