ಕಾವಲಿಗೆ ಹೊರಟ ವಿಹಾರನೌಕೆ: ‘ಆಲ್ಸಿಡೊ’ (೧೯೧೭)

೧೯೧೭ರ ಏಪ್ರಿಲಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಜರ್ಮನಿಯ ಮೇಲೆ ಯುದ್ಧವನ್ನು ಸಾರಿದಾಗ, ಜಲಾಂತರ್ಗಾಮಿಗಳ ಮೇಲೆ ಕಾವಲಿಡಬಲ್ಲ ಸಣ್ಣ ನೌಕೆಗಳು ಅದರ ನೌಕಾಬಲದಲ್ಲಿ ಸಾಕಷ್ಟಿರಲಿಲ್ಲ. ಈ ಕೊರತೆಯನ್ನು ನೀಗಲು ಸರ್ಕಾರವು ಧನಿಕರ ವಿಹಾರನೌಕೆಗಳನ್ನು ಪಡೆದು, ಅವುಗಳಿಗೆ ತೋಪುಗಳನ್ನು ಜೋಡಿಸಿತು. ಫಿಲಡೆಲ್ಫಿಯದ ಡ್ರೆಕ್ಸೆಲ್ ಎಂಬ ಸಿರಿವಂತರ ‘ಆಲ್ಸಿಡೊ’ ಅವುಗಳಲ್ಲೊಂದು. ೧೮೯೫ರಲ್ಲಿ ಗ್ಲಾಸ್ಗೋದಲ್ಲಿ ನಿರ್ಮಿತವಾದ ಈ ನೌಕೆಯ ಹೆಸರಿಗೆ ಲ್ಯಾಟಿನ್ ಭಾಷೆಯಲ್ಲಿ ಮಿಂಚುಳ್ಳಿ ಎಂದರ್ಥ. ವಿಹಾರಕ್ಕೆ ಒಪ್ಪುವ ಹೆಸರೇ ಸರಿ.

ಜುಲೈ ೨೮ರಂದು ನೌಕಾಸೇವೆಗೆ ಸೇರಿದ ಆಲ್ಸಿಡೊ ಫ್ರಾನ್ಸಿನ ಬ್ರೆಸ್ಟ್ ಬಂದರನ್ನು ನೆಲೆಯಾಗಿ ಮಾಡಿಕೊಂಡು ಹಡಗುಗಳಿಗೆ ಬೆಂಗಾವಲಾಗಿ ಸಂಚರಿಸತೊಡಗಿತು. ಅಕ್ಟೋಬರ್ ೧೭ರಂದು ಸೈನ್ಯಸಾಗಣೆಯ ‘ಆಂಟಿಲೀಸ್’ ಹಡಗು ಟಾರ್ಪೆಡೊವಿಗೆ ಈಡಾಗಿ ೬೭ ಜನ ಮಡಿದಾಗ, ಉಳಿದವರನ್ನು ನೀರಿನಿಂದೆತ್ತಿದ ನೌಕೆಗಳಲ್ಲಿ ಇದೂ ಸೇರಿತ್ತು. ಮೂರು ವಾರಗಳೊಳಗೆ ಇದರ ಸರದಿಯೂ ಬಂದಿತು.

ನವೆಂಬರ್ ೪ರ ಸಂಜೆ ಆಲ್ಸಿಡೊ ಕಿಬೆರಾನಿನಿಂದ ಬ್ರೆಸ್ಟಿನತ್ತ ಹೊರಟಿದ್ದ ಹಡಗುಗಳ ಬೆಂಗಾವಲಿನಲ್ಲಿತ್ತು. ನಡುರಾತ್ರಿ ಕಳೆದು ಸುಮಾರು ಒಂದೂಮುಕ್ಕಾಲು ಗಂಟೆಗೆ ಕಾವಲಿನ ಅಧಿಕಾರಿ ಜಲಾಂತರ್ಗಾಮಿಯನ್ನು ಕಂಡು ಕೂಗಿದನು. ನೌಕಾಧಿಪತಿ ವಿಲಿಯಂ ಕಾನ್ ಎದ್ದು ಬರುವಷ್ಟರಲ್ಲಿ ಟಾರ್ಪೆಡೊ ಹೊರಟಾಗಿತ್ತು. ಅದು ಎಡಬದಿಗೆ ಬಡಿಯಿತು. ಎಂಟೇ ನಿಮಿಷಗಳಲ್ಲಿ ನೌಕೆ ಮುಳುಗಿತು. ೨೧ ಮಂದಿ ಅಸುನೀಗಿದರು. ಮುಳುಗಿಸಿದ್ದು ಜರ್ಮನಿಯ ‘ಯು.ಸಿ. ೭೧’. ಆ ಯುದ್ಧದಲ್ಲಿ ಶತ್ರುವಿನಿಂದ ಅಮೆರಿಕದ ನೌಕಾಬಲ ಕಳೆದುಕೊಂಡ ಮೊದಲ ನೌಕೆ ಇದೇ.

ವಿಹಾರನೌಕೆಯನ್ನು ಯುದ್ಧಕ್ಕೆ ಕಳುಹಿದುದರ ಫಲವಿದೆಂದು ತೀರ್ಮಾನಿಸುವುದು ಸುಲಭ. ಉಲ್ಲಾಸಯಾನಕ್ಕಾಗಿ ಕಟ್ಟಿದ ಒಡಲು ಟಾರ್ಪೆಡೊವಿನ ಪೆಟ್ಟನ್ನು ತಾಳಲಾರದೆಂಬುದೂ ನಿಜ. ಆದರೆ ನಮಗೆ ಈ ತೀರ್ಮಾನ ಆತುರದ್ದೆಂದು ತೋರುತ್ತದೆ. ಒಂದು ತಿಂಗಳ ತರುವಾಯ, ಡಿಸೆಂಬರ್ ೬ರಂದು, ಯುದ್ಧಕ್ಕೆಂದೇ ಕಟ್ಟಿದ ‘ಜೇಕಬ್ ಜೋನ್ಸ್’ ಎಂಬ ವಿಧ್ವಂಸಕ ನೌಕೆಯೂ ಟಾರ್ಪೆಡೊ ತಗುಲಿ ಸುಮಾರು ಎಂಟೇ ನಿಮಿಷಗಳಲ್ಲಿ ಮುಳುಗಿತು. ಅಲ್ಲಿ ಮಡಿದವರು ಅರುವತ್ತಕ್ಕೂ ಹೆಚ್ಚು. ಅದು ವೇಗದಲ್ಲಿ ಆಲ್ಸಿಡೊವಿಗಿಂತ ಬಹಳ ಮೇಲು. ಹೀಗಿರಲು, ಇರುಳಿನಲ್ಲಿ ಸಮೀಪದಿಂದ ಬಂದ ಪೆಟ್ಟಿಗೆ ಹಳೆಯ ವಿಹಾರನೌಕೆಯನ್ನೊಂದನ್ನೇ ಹೊಣೆಯಾಗಿಸುವುದು ಎಷ್ಟರಮಟ್ಟಿಗೆ ನ್ಯಾಯ? ಆಂಟಿಲೀಸಿನಿಂದ ಬದುಕಿ ಬಂದವರ ದೃಷ್ಟಿಯಿಂದ ನೋಡಿದರಂತೂ ನೂರು ದಿನಗಳ ಅದರ ಸೇವೆಗೆ ಬೇರೆಯದೇ ಬೆಲೆ.

ಮುಳುಗಿದ ಸ್ಥಳ ಬೆಲ್ ಈಲ್ ದ್ವೀಪದಿಂದ ಪಶ್ಚಿಮಕ್ಕೆ ಸುಮಾರು ೭೫ ಮೈಲಿ. ನೆರವು ಹತ್ತಿರದಲ್ಲಿರಲಿಲ್ಲ. ಬದುಕುಳಿದವರಲ್ಲಿ ಹಲವರು ಸಣ್ಣ ದೋಣಿಗಳಲ್ಲಿ ಹುಟ್ಟುಹಾಕುತ್ತ, ಮರುದಿನ ಹಗಲು ಪೆನ್ಮಾರ್ಕಿನ ದೀಪಸ್ತಂಭದ ಬಳಿ ಸೇರಿದರು.