ಮನೆಯಂಗಳದ ಹುಲ್ಲುಹಾಸು (ಅಮೆರಿಕದ ಆಗ್ನೇಯ ರಾಜ್ಯಗಳು)

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯದಲ್ಲಿ, ಕೆರೊಲಿನಗಳಿಂದ ಜಾರ್ಜಿಯ, ಅಲಬಾಮಗಳ ಮೂಲಕ ಪೂರ್ವ ಟೆಕ್ಸಸ್‌ವರೆಗೆ ಹಬ್ಬಿರುವ ಆರ್ದ್ರ ಉಪೋಷ್ಣ ಹವೆಯ ಪ್ರದೇಶದ ಮನೆಗಳ ಸುತ್ತ ಬೆಳೆಸುವ ಹುಲ್ಲುಹಾಸು ಮತ್ತು ಅದರ ಪಾಲನೆ. ಬೇಸಿಗೆಯಲ್ಲಿ ಬೆವರಿಳಿಸುವ ಸೆಕೆ, ಚಳಿಗಾಲದಲ್ಲಿ ಆಗೊಮ್ಮೆ ಈಗೊಮ್ಮೆ ನೀರು ಹೆಪ್ಪುಗಟ್ಟುವ ರಾತ್ರಿಗಳು. ಅಟ್ಲಾಂಟದಲ್ಲಿ ವರ್ಷಕ್ಕೆ ಸು. 1,270 ಮಿಮೀ ಮಳೆ. ನಮ್ಮ ಮುಂಗಾರಿನ ಹಾಗೆ ಅದು ಒಂದೇ ಕಾಲದಲ್ಲಿ ಸುರಿಯದೆ ಹನ್ನೆರಡು ತಿಂಗಳಿಗೂ ಹಂಚಿಹೋಗಿರುತ್ತದೆ. ಆದ್ದರಿಂದ ಕಳೆಗೂ ಶಿಲೀಂಧ್ರಕ್ಕೂ ಬಿಡುವೆಂಬುದಿಲ್ಲ. ಒಳನಾಡಿನದು ಆಮ್ಲೀಯ ಕೆಂಪು ಜೇಡಿ, ಕರಾವಳಿಯದು ಮರಳು. ಹೆಚ್ಚಿನ ಕಡೆ ಮಣ್ಣು ಪರೀಕ್ಷಿಸಿ ಸುಣ್ಣ ಹಾಕುವುದು ವಾಡಿಕೆ.

ಗುಡಿಸಿದ ಅಂಗಳ: ಹುಲ್ಲುಹಾಸು ಇಲ್ಲಿ ಹಳೆಯ ಪದ್ಧತಿಯಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಹಳ್ಳಿಗಾಡಿನ ಮನೆಗಳ, ವಿಶೇಷವಾಗಿ ಆಫ್ರಿಕನ್ ಅಮೆರಿಕನ್ನರ ಮನೆಗಳ ಮುಂದೆ ಒಂದೆಳೆ ಹುಲ್ಲೂ ಇಲ್ಲದ ಗಟ್ಟಿ ಮಣ್ಣಿನ ಅಂಗಳವಿರುತ್ತಿತ್ತು. ಡಾಗ್‌ವುಡ್ ಮುಂತಾದ ಪೊದೆಗಳ ಕಡ್ಡಿ ಕಟ್ಟಿದ ಪೊರಕೆಯಿಂದ ಅದನ್ನು ಗುಡಿಸುತ್ತಿದ್ದರು. ಮೊಳೆತ ಹುಲ್ಲನ್ನು ಕೆರೆದು ತೆಗೆಯುತ್ತಿದ್ದರು. ಹಾವು ಕಣ್ಣಿಗೆ ಬೀಳುತ್ತಿತ್ತು, ಬೆಂಕಿ ಮನೆಗೆ ಹಬ್ಬುತ್ತಿರಲಿಲ್ಲ, ಬಟ್ಟೆ ಒಗೆಯುವುದಕ್ಕೂ ಅಡುಗೆಗೂ ಜಾಗ ಸಿಗುತ್ತಿತ್ತು. ಸಗಣಿ ಸಾರಿಸಿದ ಅಂಗಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪದ್ಧತಿಯ ಬೇರು ಪಶ್ಚಿಮ ಆಫ್ರಿಕದಲ್ಲಿದೆ ಎಂಬ ವಾದ ಪ್ರಬಲವಾಗಿದೆ. ರಿಚರ್ಡ್ ವೆಸ್ಟ್‌ಮಕಾಟ್ 1992ರ ಗ್ರಂಥದಲ್ಲಿ ಇಂಥ ಅಂಗಳಗಳನ್ನು ದಾಖಲಿಸಿದ್ದಾನೆ. ಉದ್ಯಾನ ಚರಿತ್ರೆಗಳು ಸಾಮಾನ್ಯವಾಗಿ ತೋಟದೊಡೆಯರ ಕ್ಯಾಮೆಲಿಯ, ಅಜೇಲಿಯಗಳಿಂದ ಆರಂಭವಾಗುತ್ತವೆ. ಆದರೆ ಈ ಹವೆಗೆ ಹೊಂದಿಕೊಂಡ ಅಂಗಳವೆಂದರೆ ಗುಡಿಸಿದ ಅಂಗಳವೇ. ಎರಡನೆಯ ಮಹಾಯುದ್ಧದ ತರುವಾಯ ಹೊಸ ಬಡಾವಣೆಗಳೂ ಎಂಜಿನ್ ಇರುವ ಹುಲ್ಲು ಕತ್ತರಿಸುವ ಯಂತ್ರವೂ ಬಂದು ಅದು ಮೂಲೆ ಸೇರಿತು.

ಹುಲ್ಲುಗಳು: ಬೇಸಿಗೆಯಲ್ಲಿ ಹಬ್ಬಿ, ಚಳಿಗೆ ಕಂದು ತಿರುಗಿ ನಿದ್ರಿಸುವ ಜಾತಿಗಳೇ ಇಲ್ಲಿ ಮುಖ್ಯ: ಬರ್ಮುಡ, ಸೇಂಟ್ ಆಗಸ್ಟೀನ್, ಸೆಂಟಿಪೀಡ್, ಜೊಯ್ಸಿಯ. ಉತ್ತರದ ಅಂಚಿನಲ್ಲಿ, ನೆರಳಿದ್ದಲ್ಲಿ, ಚಳಿಗಾಲದಲ್ಲೂ ಹಸಿರಾಗಿರುವ ಫೆಸ್ಕ್ಯೂ ಹಾಕುತ್ತಾರೆ. ಸೆಂಟಿಪೀಡ್ ಹುಲ್ಲು ಚೀನದಿಂದ ಬಂದದ್ದು. ಸಸ್ಯಾನ್ವೇಷಕ ಫ್ರಾಂಕ್ ಮೇಯರ್ ಯಾಂಗ್‌ಟ್ಸೀ ನದಿಯಲ್ಲಿ ಸತ್ತ ಮೇಲೆ ಆತನ ಪೆಟ್ಟಿಗೆಯಲ್ಲಿ ಬೀಜ ಸಿಕ್ಕಿತೆಂಬ ಕತೆ ಪ್ರಚಲಿತವಾಗಿದೆ. ಆದರೆ ಬೀಜ ಬಂದದ್ದು 1916ರಲ್ಲಿ ಎನ್ನುತ್ತಾರೆ, ಮೇಯರ್ ಸತ್ತದ್ದು 1918ರಲ್ಲಿ. ಎರಡೂ ಕೂಡಿ ಬರುವುದಿಲ್ಲ.

ಬರ್ಮುಡ ಹುಲ್ಲು ನಮ್ಮ ಗರಿಕೆಯೇ (ಸೈನೊಡಾನ್ ಡ್ಯಾಕ್ಟಿಲಾನ್). ಅಮೆರಿಕಕ್ಕೆ ಅದು ಬಂದ ಬಗೆ ಸ್ಪಷ್ಟವಿಲ್ಲ. 1751ರಲ್ಲಿ ಗವರ್ನರ್ ಹೆನ್ರಿ ಎಲಿಸ್ ಸವಾನಕ್ಕೆ ತಂದನೆಂಬ ಹೇಳಿಕೆಯನ್ನು ಎಚ್ಚರದಿಂದಲೇ ಒಪ್ಪಬೇಕು. ಹತ್ತಿ ಬೆಳೆಗಾರರಿಗೆ ಬಹುಕಾಲ ಅದು ಪೀಡೆಯಾಗಿತ್ತು. ಅದಕ್ಕೆ ಮರ್ಯಾದೆ ತಂದುಕೊಟ್ಟದ್ದು ಜಾರ್ಜಿಯದ ಟಿಫ್ಟನ್ ಸಂಶೋಧನ ಕೇಂದ್ರ. 1936ರಲ್ಲಿ ಅಲ್ಲಿ ಸೇರಿದ ಗ್ಲೆನ್ ಬರ್ಟನ್ ಮೊದಲು ಮಾಡಿದ್ದು ಮೇವಿನ ತಳಿ: 1943ರ ಕೋಸ್ಟಲ್. ಗಾಲ್ಫ್ ಸಂಘದ ನೆರವು ದೊರೆತ ಮೇಲೆ ಹಾಸಿನ ತಳಿಗಳತ್ತ ತಿರುಗಿದ.

ಗರಿಕೆಯಲ್ಲಿ ಸಾಮಾನ್ಯವಾಗಿ 36 ವರ್ಣತಂತುಗಳು. ದಕ್ಷಿಣ ಆಫ್ರಿಕದ ಎಳೆಸೂಕ್ಷ್ಮ ಜಾತಿಯಾದ ಸೈನೊಡಾನ್ ಟ್ರಾನ್ಸ್‌ವಾಲೆನ್ಸಿಸ್‌ನಲ್ಲಿ 18. ಎರಡರ ಕೂಡಿಕೆಯಿಂದ ಹುಟ್ಟಿದ್ದರಲ್ಲಿ 27. ಬೆಸ ಸಂಖ್ಯೆಯ ಗುಂಪುಗಳು ಸರಿಯಾಗಿ ಜೋಡಿಯಾಗದೆ ಅದು ಬೀಜ ಕಟ್ಟುವುದಿಲ್ಲ. 1954ರಲ್ಲಿ ಜೋಹಾನ್ಸ್‌ಬರ್ಗಿನಿಂದ ಬಂದ ಬೀಜದ ಗಂಟಿನಲ್ಲಿ ತಾನಾಗಿ ಮೊಳೆತ ಇಂಥದೊಂದು ಸಸಿಯೇ ಟಿಫ್ಟನ್ 419. 1960ರಲ್ಲಿ ಟಿಫ್‌ವೇ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಬೀಜವಿಲ್ಲದ್ದರಿಂದ ಅದನ್ನು ಗೆಣ್ಣಿರುವ ತುಂಡುಗಳನ್ನು ನೆಟ್ಟೋ, ಬೇರು ಮಣ್ಣು ಸಮೇತ ಕತ್ತರಿಸಿ ಚಾಪೆಯಂತೆ ಸುತ್ತಿ ತಂದು ಹಾಸಿಯೋ ಬೆಳೆಸಬೇಕು. ದಕ್ಷಿಣದ ಅಸಂಖ್ಯ ಅಂಗಳಗಳಲ್ಲೂ ಆಟದ ಮೈದಾನಗಳಲ್ಲೂ ಇರುವುದು, ಆಮೇಲಿನ ಸಣ್ಣಪುಟ್ಟ ಮಾರ್ಪಾಡುಗಳನ್ನು ಬಿಟ್ಟರೆ, ಆ ಒಂದೇ ಸಸಿಯ ಮೈ. ವಿಷಯ ಹುಲ್ಲುಹಾಸಿನದಲ್ಲವಾದರೂ ಇಲ್ಲೇ ಹೇಳಬೇಕಾದದ್ದು: ಇದೇ ಬರ್ಟನ್ ರೂಪಿಸಿದ ಟಿಫ್ಟ್ 23ಎ ಎಂಬ ಸಜ್ಜೆಯ ತಾಯಿ ಸಾಲಿನಿಂದ 1965ರಲ್ಲಿ ಭಾರತದ ಮೊದಲ ಸಂಕರ ಸಜ್ಜೆ ಎಚ್‌ಬಿ-1 ಬಂತು.

ಪಾಲನೆ: ಬರ್ಮುಡವನ್ನು 2.5ರಿಂದ 5 ಸೆಂಮೀ ಎತ್ತರಕ್ಕೆ, ಸೇಂಟ್ ಆಗಸ್ಟೀನನ್ನು 6ರಿಂದ 10 ಸೆಂಮೀ ಎತ್ತರಕ್ಕೆ ಕತ್ತರಿಸುತ್ತಾರೆ. ಒಂದು ಸಲಕ್ಕೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಸೆಂಟಿಪೀಡಿಗೆ ಗೊಬ್ಬರ ಕಡಿಮೆ ಸಾಕು. ಹಸಿರು ಸಾಲದೆಂದು ಸುರಿದರೆ ಕೆಲ ವರ್ಷಗಳಲ್ಲಿ ಅದು ಸೊರಗಿ ಸಾಯುತ್ತದೆ.

ಸೇಂಟ್ ಆಗಸ್ಟೀನ್ ಹಾಸಿನಲ್ಲಿ ಒಣಗಿದ ತೇಪೆ ಕಂಡಾಗ ಕಾರಣವನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ತೇಪೆಯ ಅಂಚಿನ ಎಲೆಯನ್ನು ಹಿಡಿದೆಳೆದಾಗ ಕೊಳೆತ ಬುಡದಿಂದ ಸಲೀಸಾಗಿ ಕಿತ್ತು ಬಂದರೆ ಅದು ರೈಜೊಕ್ಟೋನಿಯ ಶಿಲೀಂಧ್ರ. ವಸಂತದಲ್ಲೂ ಚಳಿ ಶುರುವಾಗುವಾಗಲೂ ಹೆಚ್ಚು. ಬಿಸಿಲಿನ ಜಾಗದಲ್ಲಿ, ಕಾಲುದಾರಿಯ ಪಕ್ಕದಲ್ಲಿ ಒಣಗಿದ್ದರೆ ಚಿಂಚ್ ತಿಗಣೆಯ ಶಂಕೆ. ಎರಡೂ ಬದಿ ಕತ್ತರಿಸಿದ ತಗಡಿನ ಡಬ್ಬಿಯನ್ನು ನೆಲಕ್ಕೆ ಒತ್ತಿ ನೀರು ತುಂಬಿ ಕೆಲವು ನಿಮಿಷ ಕಾದರೆ ಆ ಪುಟ್ಟ ಕೀಟಗಳು ತೇಲಿ ಬರುತ್ತವೆ. ಈ ತಿಗಣೆಯನ್ನೂ ಟೆಕ್ಸಸ್ಸಿನಲ್ಲಿ ಹಾವಳಿಯಿಟ್ಟ ವೈರಸ್ಸನ್ನೂ ತಾಳಿಕೊಳ್ಳಲೆಂದು 1970ರ ದಶಕದ ಆರಂಭದಲ್ಲಿ ಬಿಡುಗಡೆ ಮಾಡಿದ ಫ್ಲೊರಟ್ಯಾಮ್ ತಳಿಗೂ ಕಾಲಕ್ರಮದಲ್ಲಿ ತಿಗಣೆ ಹೊಂದಿಕೊಂಡಿತು.

ಮರ, ಪೊದೆ: ಲೈವ್ ಓಕ್, ಮ್ಯಾಗ್ನೋಲಿಯ ಸ್ಥಳೀಯವಾದವು. ನಮ್ಮ ಹೊಳೆದಾಸವಾಳದ ಕುಲದ ಕ್ರೇಪ್ ಮರ್ಟಲ್ ಏಷ್ಯದಿಂದ ಬಂದದ್ದು. ಬೂದಿರೋಗ ತಡೆಯುವ ‘ನ್ಯಾಚೆಜ್’ ಮುಂತಾದ ಸಂಕರಗಳನ್ನು ಡೊನಾಲ್ಡ್ ಈಗಲ್ಫ್ ಬೆಳೆಸಿದ. ಚಳಿಗಾಲದಲ್ಲಿ ಅದರ ಕೊಂಬೆಗಳನ್ನು ಮೋಟು ಮಾಡುವ ಚಟಕ್ಕೆ ಸಸ್ಯದ ದೃಷ್ಟಿಯಿಂದ ಯಾವ ಆಧಾರವೂ ಇಲ್ಲ. ಬುಡಕ್ಕೆ ಹೊದಿಕೆಯಾಗಿ ಪೈನ್ ಮರದ ಉದುರಿದ ಸೂಜಿಎಲೆಗಳನ್ನು ಹರಡುತ್ತಾರೆ.

ನಿಯಮಗಳು: ಅನೇಕ ಬಡಾವಣೆಗಳ ನಿವಾಸಿ ಸಂಘಗಳು ಹುಲ್ಲಿನ ಜಾತಿ, ಎತ್ತರಗಳನ್ನೂ ಗೊತ್ತುಮಾಡುತ್ತವೆ. ಕಡಿಮೆ ನೀರು, ಗೊಬ್ಬರ ಬೇಡುವ ‘ಫ್ಲಾರಿಡ ಸ್ನೇಹಿ’ ಅಂಗಳವನ್ನು ಸಂಘಗಳು ನಿಷೇಧಿಸದಂತೆ ಫ್ಲಾರಿಡ 2009ರಲ್ಲಿ ಕಾನೂನು ಮಾಡಿತು. ಸಾರಜನಕ ಕೊಲ್ಲಿಗೆ ಹರಿದು ಪಾಚಿ ಹೆಚ್ಚಿಸುವುದೆಂಬ ಕಾರಣಕ್ಕೆ ಅಲ್ಲಿನ ಕೆಲವು ಕೌಂಟಿಗಳಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ, ಹುಲ್ಲು ಹುಲುಸಾಗಿ ಬೆಳೆಯುವ ತಿಂಗಳುಗಳಲ್ಲೇ, ಸಾರಜನಕದ ಗೊಬ್ಬರ ಹಾಕುವಂತಿಲ್ಲ.