ಸೀಸೆಗೆ ಅಂಟಿಸಿದ ಪಟ್ಟಿ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಮದ್ದಿನ ಬೆಲೆ, ಮದ್ದಿನ ಯುಕ್ತತೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನಗಳನ್ನು ಬೋಧಿಸುತ್ತವೆಯೇ ಹೊರತು ವೈದ್ಯದ ಮಾತೆತ್ತುವುದಿಲ್ಲ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದ್ದನ್ನು, ಮದ್ದಿನ ಗಿಡಬೇರುಗಳನ್ನು ಅವು ಇಲ್ಲದ ಕಡೆಗೆ ತರಿಸಿ ನೆಡಿಸಿದ್ದನ್ನು ಹೇಳುವ ಅವನ ಎರಡನೆಯ ಬಂಡೆಶಾಸನವನ್ನು ಕಾಣಬೇಕಾದರೆ ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಕೊಡುವವನು ಅರಸನೇ ಆದುದರಿಂದ ಅಲ್ಲಿ ಬೆಲೆಯ ಪ್ರಸ್ತಾಪವಿಲ್ಲ.

ಮೈಸೂರು ಸಂಸ್ಥಾನದ ಕಾಲದ ಸರ್ಕಾರಿ ಔಷಧಾಲಯದಲ್ಲಿಯೂ ಬೆಲೆಯ ಮಾತು ರೋಗಿಯ ಕಿವಿಗೆ ಬೀಳುತ್ತಿದ್ದುದು ಕಡಿಮೆ. ವೈದ್ಯರು ಬರೆದ ಚೀಟಿಯನ್ನು ನೋಡಿ ಮದ್ದು ಬೆರೆಸಿ ಕೊಡುತ್ತಿದ್ದವನು ಕಾಂಪೌಂಡರ್. ರೋಗಿಯೇ ಮನೆಯಿಂದ ತಂದ ಸೀಸೆಗೆ ಆತ ಬಣ್ಣದ ಮಿಕ್ಸ್ಚರ್ ತುಂಬಿ, ಕಾಗದದ ಪಟ್ಟಿಯೊಂದರ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ ಸೀಸೆಯ ಹೊರಮೈಗೆ ಅಂಟಿಸುತ್ತಿದ್ದ. ಒಂದು ಹಲ್ಲೆಂದರೆ ಒಂದು ಹೊತ್ತಿನ ಮದ್ದು. ಅಕ್ಷರ ಬಾರದ ಕುರಿಗಾಹಿಗೂ ಸೀಸೆಯಲ್ಲಿ ಎಷ್ಟು ಇಳಿಯಿತು, ಎಷ್ಟು ಉಳಿಯಿತು ಎಂಬುದು ಕಣ್ಣಳತೆಗೆ ಸಿಗುತ್ತಿತ್ತು. ಆ ಮಿಕ್ಸ್ಚರುಗಳಲ್ಲಿ ಹಲವು ನಿರುಪಯುಕ್ತವಾಗಿದ್ದವೆಂಬುದು ಬೇರೆ ಮಾತು. 1948ರ ಫಾರ್ಮಸಿ ಕಾಯಿದೆ ಕಾಂಪೌಂಡರ್‌ನ ಸ್ಥಾನಕ್ಕೆ ನೋಂದಾಯಿತ ಫಾರ್ಮಸಿಸ್ಟನನ್ನು ತಂದಿತಾದರೂ ಜನರ ಬಾಯಲ್ಲಿ ಆತ ‘ಕಾಂಪೌಂಡ್ರು’ ಆಗಿಯೇ ಉಳಿದ. ಮುಂದೆ ಸೀಸೆ ಹೋಗಿ ಇಂಗ್ಲಿಷ್ ಅಕ್ಷರಗಳ ಮಾತ್ರೆಪಟ್ಟಿ ಬಂದಾಗ ಹಲ್ಲಿನ ಕಾಗದಕ್ಕೆ ಸಮನಾದ ಗುರುತು ಮಾತ್ರ ಹುಟ್ಟಲಿಲ್ಲ.

ಒಂದೇ ಔಷಧ ಹತ್ತಾರು ಬ್ರಾಂಡುಗಳ ಹೆಸರಿನಲ್ಲಿ, ಹತ್ತಾರು ಬೆಲೆಗಳಲ್ಲಿ ಅಂಗಡಿಗೆ ಬಂದ ಮೇಲೆ ಆಯ್ಕೆಯೇ ಸಮಸ್ಯೆಯಾಯಿತು. ಭಾರತದ ಔಷಧೋದ್ಯಮವನ್ನು ಕುರಿತ 1975ರ ಹಾಥಿ ಸಮಿತಿಯ ವರದಿ, 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅತ್ಯಗತ್ಯ ಔಷಧಗಳ ಪಟ್ಟಿ, 1996ರ ಭಾರತದ ಪಟ್ಟಿ ಇವೆಲ್ಲ ಯಾವ ಔಷಧ ದೇಶಕ್ಕೆ ಬೇಕು ಎಂಬುದನ್ನು ಹೇಳಿದವು. ಎದುರಿಗೆ ಮಲಗಿರುವ ಈ ರೋಗಿಗೆ ಯಾವುದು ಬೇಕು ಎಂಬುದನ್ನು ನೋಡುವ ಶಾಸ್ತ್ರವೇ ಕ್ಲಿನಿಕಲ್ ಫಾರ್ಮಸಿ, ಅಂದರೆ ಔಷಧಜ್ಞನು ವಾರ್ಡಿಗೆ ಬಂದು ವೈದ್ಯರೊಡನೆ ಚೀಟಿಯನ್ನು ಪರಿಶೀಲಿಸುವ ಪದ್ಧತಿ. ಕರ್ನಾಟಕದಲ್ಲಿ ಇದರ ಸ್ನಾತಕೋತ್ತರ ಶಿಕ್ಷಣ 1990ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜಿನಲ್ಲಿ ಬೇರೂರಿತು. 2008ರಲ್ಲಿ ಆರು ವರ್ಷಗಳ ಫಾರ್ಮ್.ಡಿ. ಪದವಿ ದೇಶದಲ್ಲಿ ಜಾರಿಗೆ ಬಂದಿತು.

ಈ ಶಾಸ್ತ್ರದ ಅಳತೆಗೋಲುಗಳಲ್ಲಿ ಪ್ರಸಿದ್ಧವಾದುದು 1992ರಲ್ಲಿ ಅಮೆರಿಕದಲ್ಲಿ ಹ್ಯಾನ್ಲನ್ ಮತ್ತು ಸಂಗಡಿಗರು ರೂಪಿಸಿದ ಔಷಧ ಯುಕ್ತತಾ ಸೂಚ್ಯಂಕ. ಅದು ಪ್ರತಿಯೊಂದು ಔಷಧಕ್ಕೂ ಹತ್ತು ಪ್ರಶ್ನೆಗಳನ್ನು ಹಾಕುತ್ತದೆ: ರೋಗಕ್ಕೆ ಇದು ಬೇಕೇ, ಗುಣ ಕಾಣುವುದೇ, ಪ್ರಮಾಣ ಸರಿಯೇ, ಇನ್ನೊಂದು ಔಷಧದೊಡನೆ ಜಗಳವಾಡುವುದೇ ಇತ್ಯಾದಿ. ಸೂಚನೆಯು ರೋಗಿಗೆ ಪಾಲಿಸಲು ಬರುವಂತಿದೆಯೇ ಎಂಬ ಪ್ರಶ್ನೆಯೂ ಅದರಲ್ಲಿದೆ. ಕಾಂಪೌಂಡರ್‌ನ ಕತ್ತರಿ ಉತ್ತರಿಸಿದ್ದು ಇದಕ್ಕೇ. ಅಷ್ಟೇ ಗುಣವುಳ್ಳ ಔಷಧಗಳಲ್ಲಿ ಇದು ಎಲ್ಲಕ್ಕಿಂತ ಅಗ್ಗದ್ದೇ ಎಂಬುದು ಹತ್ತನೆಯದು. ಬೆಲೆಯನ್ನೂ ಯುಕ್ತತೆಯನ್ನೂ ಒಂದೇ ಹಾಳೆಯ ಮೇಲೆ ತಂದುದೇ ಈ ಸೂಚ್ಯಂಕದ ಹೆಚ್ಚುಗಾರಿಕೆ.

ಚಳ್ಳಕೆರೆ–ಮೊಳಕಾಲ್ಮೂರಿನ ಶೇಂಗಾ ಹೊಲಗಳ ಒಣಸೀಮೆಯಲ್ಲಿ ಬೆಲೆ, ಯುಕ್ತತೆಗಳ ನಂಟನ್ನು ಹಾವು ಕಡಿತ ಚೆನ್ನಾಗಿ ತೋರಿಸುತ್ತದೆ. ಮಂಡಲದ ಹಾವುಗಳ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ, ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ ರೋಗಿಯ ಎರಡು ಮಿಲಿಲೀಟರ್ ರಕ್ತವನ್ನು ಅಲುಗಾಡಿಸದೆ 20 ನಿಮಿಷ ಇಟ್ಟು ಬಳಿಕ ಓರೆ ಮಾಡಿ ನೋಡುತ್ತಾರೆ. ರಕ್ತ ಇನ್ನೂ ಹರಿದರೆ ಪ್ರತಿವಿಷ ಬೇಕು, ಹೆಪ್ಪುಗಟ್ಟಿದ್ದರೆ, ಬೇರೆ ವಿಷಲಕ್ಷಣಗಳೂ ಇಲ್ಲದಿದ್ದರೆ, ಕಾದು ಪರೀಕ್ಷೆಯನ್ನು ಮತ್ತೆ ಮಾಡಬೇಕು. ನರಕ್ಕೆ ತಾಗುವ ನಾಗರ, ಕಟ್ಟುಹಾವುಗಳ ವಿಷಕ್ಕೆ ಈ ಪರೀಕ್ಷೆ ಸಾಲದು. ಆದರೂ ದುಬಾರಿಯಾದ, ಕೆಲವರಲ್ಲಿ ತೀವ್ರ ಅಲರ್ಜಿಯನ್ನೂ ತರಬಲ್ಲ ಪ್ರತಿವಿಷದ ಬಾಟಲಿಯನ್ನು ಒಡೆಯಬೇಕೋ ಬೇಡವೋ ಎಂಬುದನ್ನು ಒಂದು ನಳಿಕೆ ಹೇಳುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಮದ್ದಿನ ಬೆಲೆಯೊಂದೇ ರೋಗಿಯ ಖರ್ಚಲ್ಲ. 2003ರಲ್ಲಿ ಸಹಕಾರಿ ಸದಸ್ಯರಿಗೆ ಬಂದ ಯಶಸ್ವಿನಿ, 2018ರ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಯೊಳಗಿನ ಚಿಕಿತ್ಸೆಯ ಭಾರವನ್ನು ಹೊತ್ತವು. ಬಳ್ಳಾರಿಗೋ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಿಬರುವ ಬಸ್ಸಿನ ಚಾರ್ಜು, ಜೊತೆಗೆ ಬಂದವರ ಊಟ, ಮೊಳಕಾಲ್ಮೂರಿನ ರೇಷ್ಮೆ ನೇಕಾರ ಮಗ್ಗದ ಗುಂಡಿಯಿಂದೆದ್ದು ಆಸ್ಪತ್ರೆಗೆ ಹೋದ ದಿನಗಳಲ್ಲಿ ನಿಂತ ನೇಯ್ಗೆ, ಇವನ್ನು ಆರೋಗ್ಯದ ವೆಚ್ಚವನ್ನು ಅಳೆಯುವ ಶಾಸ್ತ್ರವು ವೈದ್ಯಕೀಯೇತರ ವೆಚ್ಚ ಮತ್ತು ಪರೋಕ್ಷ ವೆಚ್ಚವೆಂದು ಕರೆಯುತ್ತದೆ. ಬಿಲ್ಲನ್ನಷ್ಟೇ ಕೂಡಿಸುವ ಅಧ್ಯಯನ ಈ ಎರಡು ತಾಲ್ಲೂಕುಗಳ ಮಟ್ಟಿಗೆ ಅರ್ಧ ಲೆಕ್ಕ. ಪ್ರಬಂಧಕ್ಕೆ ವಿಷಯ ಹುಡುಕುವ ಫಾರ್ಮ್.ಡಿ. ವಿದ್ಯಾರ್ಥಿಗಳು ದೊಡ್ಡ ಆಸ್ಪತ್ರೆಗಳ ವಾರ್ಡುಗಳನ್ನು ಬಿಟ್ಟು, ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ತಾಲ್ಲೂಕು ಆಸ್ಪತ್ರೆಗಳ ಔಷಧದ ಕಿಟಕಿಯ ಬಳಿ ಒಂದು ತಿಂಗಳು ನಿಂತು ನೋಡಬೇಕು.